ಕಾರು ತಗ್ಗಿಸುವಾಗ ಕೊನೆಯ ಬೋಲ್ಟನ್ನು ನೆಲದ ಮೇಲೇ ಬಿಗಿಸಿ

ನನ್ನ ಗೆಳೆಯರೊಬ್ಬರು ತಮ್ಮ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐಗೆ ಲೋವರಿಂಗ್ ಸ್ಪ್ರಿಂಗ್ (ಕಾರನ್ನು ನೆಲಕ್ಕೆ ಹತ್ತಿರ ತರುವ ಸ್ಪ್ರಿಂಗ್) ಹಾಕಿಸಿದರು. ಒಳ್ಳೆಯ ಕಂಪನಿಯ ಸ್ಪ್ರಿಂಗು, ಕೂಲಿಯೂ ಕಡಿಮೆ. ಎಂಟೇ ತಿಂಗಳಿಗೆ ಮುಂದಿನ ಎರಡೂ ಕಡೆ ಲೋವರ್ ಆರ್ಮ್ ಬುಷ್ (ಚಕ್ರವನ್ನು ಚೌಕಟ್ಟಿಗೆ ಹಿಡಿಯುವ ಕೆಳಗಿನ ತೋಳಿನ ರಬ್ಬರ್ ಕೀಲು) ಹರಿದುಹೋಯಿತು. ಹಾಕಿದ ಗ್ಯಾರೇಜಿನವರು ‘ಸ್ಪ್ರಿಂಗೇ ಸರಿ ಇಲ್ಲ ಸರ್’ ಅಂದುಬಿಟ್ಟರು. ಸ್ಪ್ರಿಂಗಿನದು ಏನೂ ತಪ್ಪಿರಲಿಲ್ಲ. ಕಾರು ಲಿಫ್ಟಿನ ಮೇಲೆ ಇದ್ದಾಗಲೇ, ಚಕ್ರ ಜೋತಾಡುತ್ತಿದ್ದಾಗಲೇ, ಎಲ್ಲ ಬೋಲ್ಟುಗಳನ್ನೂ ಪೂರ್ತಿ ಬಿಗಿದಿದ್ದರು. ಇದೇ ತಪ್ಪನ್ನು ಆಮೇಲೆ ಇನ್ನೂ ನಾಲ್ಕೈದು ಕಾರುಗಳಲ್ಲಿ ನೋಡಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಪೋಲೊವನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಜಿಟಿ ಟಿಎಸ್‌ಐ 2013ರಲ್ಲಿ ಬಂತು. 2022ರಲ್ಲಿ ಪೋಲೊ ತಯಾರಿಕೆಯೇ ಇಲ್ಲಿ ನಿಂತಿತು. ಈಗ ಸೆಕೆಂಡ್ ಹ್ಯಾಂಡ್ ಕೊಂಡು ಮನಸ್ಸಿಗೆ ಬಂದಂತೆ ಮಾಡಿಸಿಕೊಳ್ಳುವವರು ಬೆಂಗಳೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಒಂದೇ ಕಂಬವಾಗಿ ಇರುವುದು), ಹಿಂದೆ ಟಾರ್ಷನ್ ಬೀಮ್ (ಎರಡೂ ಹಿಂದಿನ ಚಕ್ರಗಳನ್ನು ಸೇರಿಸುವ ತೊಲೆ). ನಿಮ್ಮ ಕಾರಿನಲ್ಲೂ ಇದೇ ಜೋಡಣೆ ಇದ್ದರೆ ಇಲ್ಲಿ ಹೇಳಿದ್ದೆಲ್ಲ ಅದಕ್ಕೂ ಹೊಂದುತ್ತದೆ.

ಸ್ಪ್ರಿಂಗಾ, ಕಾಯಿಲೋವರಾ?

ರಸ್ತೆಯಲ್ಲಿ ಓಡಿಸುವ ಕಾರಿಗೆ ಸ್ಪ್ರಿಂಗ್ ಸಾಕು. ಕಾಯಿಲೋವರ್ ಅಂದರೆ ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಒಟ್ಟಿಗೇ ಬರುವ ಸೆಟ್ಟು. ಅದರಲ್ಲಿ ಎತ್ತರ ಹೊಂದಿಸಬಹುದು ಅನ್ನುವುದು ದೊಡ್ಡ ಆಕರ್ಷಣೆ, ನಿಜ. ಆದರೆ ಒಮ್ಮೆ ಹೊಂದಿಸಿದ ಮೇಲೆ ಯಾರೂ ಅದನ್ನು ಮುಟ್ಟುವುದಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಮರೆಗೆ (ಥ್ರೆಡ್ಡಿಗೆ) ಮಣ್ಣು ತುಂಬಿ ಎತ್ತರ ಹೊಂದಿಸುವ ಕಾಲರ್ ತಿರುಗುವುದೇ ಇಲ್ಲ. ಕೊಯಮತ್ತೂರಿನ ‘ಕಾರಿ’ ರೇಸ್ ಟ್ರ್ಯಾಕಿಗೋ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೋ ಆಗಾಗ ಹೋಗುವವರಾದರೆ ಮಾತು ಬೇರೆ. ಅಂಥವರು ದುಡ್ಡು ಕೂಡಿಸಿ ಬಿಲ್‌ಸ್ಟೈನ್ ಬಿ14 ಅಥವಾ ಕೆಡಬ್ಲ್ಯೂ ತರಹದ್ದನ್ನೇ ತೆಗೆದುಕೊಳ್ಳಲಿ. ಹೆಸರೇ ಇಲ್ಲದ ಡಬ್ಬಿಯಲ್ಲಿ ಬರುವ ಅಗ್ಗದ ಕಾಯಿಲೋವರ್ ಮಾತ್ರ ಬೇಡವೇ ಬೇಡ. ಅದರ ಶಾಕ್ ಅಬ್ಸಾರ್ಬರ್ ಸೋರಿತು ಅಂದರೆ ಬದಲಿ ಭಾಗ ಸಿಗುವುದಿಲ್ಲ, ಪೂರ್ತಿ ಸೆಟ್ಟೇ ಎಸೆಯಬೇಕು.

ಎಷ್ಟು ತಗ್ಗಿಸಬೇಕು? 25ರಿಂದ 30 ಮಿ.ಮೀ., ಅದಕ್ಕಿಂತ ಜಾಸ್ತಿ ಬೇಡ. ಲೆಕ್ಕ ಹಾಕಿ ನೋಡಿ. ಪೋಲೊದ ಹೊಟ್ಟೆಯ ಕೆಳಗೆ ಸುಮಾರು 165 ಮಿ.ಮೀ. ಜಾಗ ಇದೆ. ಮೂವತ್ತು ಕಳೆದರೆ 135. ಇಂಡಿಯನ್ ರೋಡ್ ಕಾಂಗ್ರೆಸ್ ಪ್ರಕಾರ ಹಂಪ್ 100 ಮಿ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ಹಾಗೆ ಕಟ್ಟಿದ ಹಂಪಾದರೆ ಆರಾಮಾಗಿ ದಾಟುತ್ತೀರಿ. ಆದರೆ ನಮ್ಮ ಬಡಾವಣೆಗಳ ಎಷ್ಟೋ ಹಂಪುಗಳು ಗೋಡೆ ನಿಲ್ಲಿಸಿದ ಹಾಗೆ ಇರುತ್ತವೆ. ಮನೆಮಂದಿ ಐದು ಜನ ಕೂತು, ಡಿಕ್ಕಿಯಲ್ಲಿ ಲಗೇಜೂ ಇದ್ದಾಗ 50 ಮಿ.ಮೀ. ತಗ್ಗಿಸಿದ ಕಾರಿನ ಹೊಟ್ಟೆ ಉಜ್ಜದೆ ದಾಟುವುದಿಲ್ಲ.

ಎಲ್ಲಿ ಉಳಿಸಬೇಕು, ಎಲ್ಲಿ ಬೇಡ

ಎಚ್ ಆ್ಯಂಡ್ ಆರ್, ಐಬಾಕ್ ತರಹದ ಸ್ಪ್ರಿಂಗನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳಬಹುದು. ಬಣ್ಣ ಎದ್ದು ತುಕ್ಕು ಹಿಡಿದಿಲ್ಲ, ಸುರುಳಿಯಲ್ಲಿ ಬಿರುಕಿಲ್ಲ ಅಂತ ನೋಡಿದರೆ ಸಾಕು. ಶಾಕ್ ಅಬ್ಸಾರ್ಬರ್ ಮಾತ್ರ ಗುಜರಿಯಿಂದ ತರಬೇಡಿ. ಅದು ಒಳಗೆ ಎಷ್ಟು ಸವೆದಿದೆ ಅಂತ ಕೈಯಲ್ಲಿ ಒತ್ತಿ ನೋಡಿದರೆ ಗೊತ್ತಾಗುವುದಿಲ್ಲ. ಕಾರು 60 ಸಾವಿರ ಕಿ.ಮೀ. ದಾಟಿದ್ದರೆ ಹೊಸ ಶಾಕನ್ನೂ ಜೊತೆಗೇ ಹಾಕಿಸಿ. ಮುಂದೆ ಸ್ಪ್ರಿಂಗ್ ಬಿಚ್ಚುವುದಕ್ಕೂ ಶಾಕ್ ಬಿಚ್ಚುವುದಕ್ಕೂ ಒಂದೇ ಕೆಲಸ. ಬೇರೆ ಬೇರೆ ಸಲ ಮಾಡಿಸಿದರೆ ಕೂಲಿ ಎರಡು ಸಲ ಕೊಡಬೇಕಾಗುತ್ತದೆ, ಅಲ್ವಾ? ತಗ್ಗಿಸಿದ ಕಾರಿಗೆಂದೇ ಗಿಡ್ಡ ಮಾಡಿದ ಶಾಕ್‌ಗಳಿವೆ, ಬಿಲ್‌ಸ್ಟೈನ್ ಬಿ8 ಹಾಗಿನದು. ಸ್ಟ್ರಟ್ ಮೇಲಿನ ರಬ್ಬರ್ ಮೌಂಟ್, ಬೇರಿಂಗ್, ಬಂಪ್ ಸ್ಟಾಪ್ (ಶಾಕ್ ಪೂರ್ತಿ ಒತ್ತಿಕೊಂಡಾಗ ತಡೆಯುವ ತುಂಡು) ಇವನ್ನೂ ಬೆಂಗಳೂರಿನ ಬಿಡಿಭಾಗಗಳ ಮಾರುಕಟ್ಟೆ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ ಮೊದಲೇ ತಂದಿಟ್ಟುಕೊಳ್ಳಿ. ಕಾರು ಬಿಚ್ಚಿಟ್ಟ ಮೇಲೆ ಓಡಾಡಿದರೆ ಹೇಳಿದ ರೇಟು ಕೊಡಬೇಕಾಗುತ್ತದೆ. ಕೂಲಿಯನ್ನು ಗಂಟೆಯ ಲೆಕ್ಕದಲ್ಲಿ ಮಾತಾಡಬೇಡಿ, ಒಟ್ಟು ಕೆಲಸಕ್ಕೆ ಇಷ್ಟು ಅಂತ ಮಾತಾಡಿ. ಆತುರಪಡುವ ಮೆಕ್ಯಾನಿಕ್ ಈ ಕೆಲಸಕ್ಕೆ ಬೇಡ.

ಇರುವ ಸ್ಪ್ರಿಂಗಿನದೇ ಒಂದು ಸುತ್ತು ಕತ್ತರಿಸಿ ಕೊಡುತ್ತೇವೆ ಅನ್ನುವವರಿದ್ದಾರೆ. ದಯವಿಟ್ಟು ಒಪ್ಪಬೇಡಿ. ಕೆಲಸ ಮಾಡುವ ಆರು ಸುತ್ತಿನಲ್ಲಿ ಒಂದು ಹೋದರೆ ಸ್ಪ್ರಿಂಗ್ ಶೇ 20ರಷ್ಟು ಗಡುಸಾಗುತ್ತದೆ, ಶಾಕ್ ಅದಕ್ಕೆ ಹೊಂದುವುದಿಲ್ಲ. ಅದಕ್ಕಿಂತ ಭಯದ ವಿಷಯ ಬೇರೆ. ಕತ್ತರಿಸಿದ ತುದಿ ಸ್ಪ್ರಿಂಗಿಗಾಗಿ ಇರುವ ಬಟ್ಟಲಲ್ಲಿ ಸರಿಯಾಗಿ ಕೂರುವುದಿಲ್ಲ. ಚಕ್ರ ಗುಂಡಿಗೆ ಇಳಿದಾಗ ಸ್ಪ್ರಿಂಗ್ ಜಾಗ ತಪ್ಪಬಹುದು. ಗ್ಯಾಸ್ ಕಟ್ಟರ್‌ನಿಂದ ಕಾಯಿಸಿ ಕೂರಿಸುವುದು ಇನ್ನೂ ಕೆಟ್ಟದ್ದು. ಉಕ್ಕಿನ ಹದವೇ ಹೋಗುತ್ತದೆ.

ಕಾನೂನಿನ ಕಡೆಯೂ ಒಂದು ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ದಂಡವೂ ಸೇರಿದೆ. ಕೆಲಸಕ್ಕೆ ಮೊದಲೇ ಆರ್‌ಟಿಒದಲ್ಲೂ ವಿಮೆ ಕಂಪನಿಯಲ್ಲೂ ಕೇಳಿಕೊಳ್ಳಿ.

ಬಿಚ್ಚುವುದು

ಮೊದಲು ಅಳತೆ. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಪ್ರತಿ ಚಕ್ರದ ನಡುಬಿಂದುವಿನಿಂದ ಮೇಲಿನ ಫೆಂಡರ್ ಅಂಚಿನವರೆಗೆ ಅಳೆದು ಬರೆದುಕೊಳ್ಳಿ. ನೆಲದಿಂದ ಅಳೆಯಬೇಡಿ, ಟೈರಿನ ಗಾಳಿ ಲೆಕ್ಕ ತಪ್ಪಿಸುತ್ತದೆ.

ಹಿಂದಿನದು ಸುಲಭ. ಬೀಮ್ ಕೆಳಗೆ ಜಾಕ್ ಕೊಟ್ಟು, ಶಾಕ್‌ನ ಕೆಳಗಿನ ಬೋಲ್ಟ್ ತೆಗೆದು, ಬೀಮನ್ನು ನಿಧಾನವಾಗಿ ಇಳಿಸಿದರೆ ಸ್ಪ್ರಿಂಗ್ ಕೈಗೇ ಬರುತ್ತದೆ. ಬ್ರೇಕ್ ಹೋಸ್ ಎಳೆಯದಂತೆ ನೋಡಿಕೊಳ್ಳಿ.

ಮುಂದಿನದಕ್ಕೆ ಸ್ಟ್ರಟ್ ಪೂರ್ತಿ ಹೊರಗೆ ಬರಬೇಕು. ಎಬಿಎಸ್ ವೈರು, ಬ್ರೇಕ್ ಹೋಸಿನ ಕ್ಲಿಪ್ಪು, ಆ್ಯಂಟಿ ರೋಲ್ ಬಾರ್ ಲಿಂಕ್ ಮೊದಲು ಬಿಡಿಸಿ. ಪೋಲೊದಲ್ಲಿ ಸ್ಟ್ರಟ್ ಹಬ್‌ನ (ಚಕ್ರ ಹಿಡಿದಿರುವ ಭಾಗದ) ಕಚ್ಚಿನೊಳಗೆ ಕೂತಿರುತ್ತದೆ. ಆ ಕಚ್ಚನ್ನು ಸ್ವಲ್ಪ ಅಗಲಿಸುವ ಸ್ಪ್ರೆಡರ್ ಟೂಲ್ ಬೇಕು. ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆಯುವವರಿಗೆ ಕಾರು ಕೊಡಬೇಡಿ.

ಸ್ಪ್ರಿಂಗ್ ಕಂಪ್ರೆಸರ್ (ಸ್ಪ್ರಿಂಗನ್ನು ಒತ್ತಿ ಹಿಡಿಯುವ ಸಾಧನ) ಹಾಕುವುದು ಜೀವಕ್ಕೆ ಅಪಾಯ ಇರುವ ಹಂತ. ಗೋಡೆಗೆ ಕೂರಿಸಿದ ಹೈಡ್ರಾಲಿಕ್ ಕಂಪ್ರೆಸರ್ ಇರುವ ಗ್ಯಾರೇಜನ್ನೇ ಹುಡುಕಿ, ಸ್ವಲ್ಪ ಜಾಸ್ತಿ ಕೇಳಿದರೂ ಕೊಡಿ. ಎರಡು ಕೊಕ್ಕೆಯ ಸ್ಕ್ರೂ ಕಂಪ್ರೆಸರೇ ಇದ್ದರೆ ಕೊಕ್ಕೆಗಳು ಎದುರುಬದುರು ಇರಬೇಕು. ಮರೆಗೆ ಗ್ರೀಸ್ ಹಚ್ಚಿರಬೇಕು. ಈ ಕಡೆ ಎರಡು ಸುತ್ತು, ಆ ಕಡೆ ಎರಡು ಸುತ್ತು ಕೈಯಲ್ಲೇ ಬಿಗಿಯುತ್ತಾ ಹೋಗಬೇಕು, ಇಂಪ್ಯಾಕ್ಟ್ ಗನ್ ಬೇಡ. ಸ್ಪ್ರಿಂಗಿನ ನೇರಕ್ಕೆ ಯಾರೂ ಮುಖ ಒಡ್ಡಬಾರದು.

ಮೇಲಿನ ನಟ್ ಬಿಚ್ಚುವಾಗಲೂ ಹಾಕುವಾಗಲೂ ಶಾಕ್‌ನ ಕಡ್ಡಿಯನ್ನು ಅಲೆನ್ ಕೀಯಲ್ಲಿ ಹಿಡಿದಿರಬೇಕು. ಗನ್ನಿನಲ್ಲಿ ತಿರುಗಿಸಿದರೆ ಕಡ್ಡಿಯೂ ಜೊತೆಗೆ ತಿರುಗಿ ಸೀಲ್ ಹಾಳಾಗುತ್ತದೆ. ಹೊಸ ಶಾಕ್ ಒಂದೇ ತಿಂಗಳಿಗೆ ಸೋರಲು ಇದು ಸಾಕು.

ಜರ್ಮನ್ ಸ್ಪ್ರಿಂಗುಗಳ ಮೇಲೆ ‘ವಿಎ’ ಅಂತಿದ್ದರೆ ಮುಂದಿನದು, ‘ಎಚ್‌ಎ’ ಅಂತಿದ್ದರೆ ಹಿಂದಿನದು. ಅಕ್ಷರ ನೇರವಾಗಿ ಓದಲು ಬರುವ ಹಾಗೆ ನಿಲ್ಲಿಸಿ. ಸುರುಳಿಯ ತುದಿ ಬಟ್ಟಲಿನ ಮೆಟ್ಟಿಲಿಗೆ ತಾಗಿ ಕೂರಬೇಕು. ಬಂಪ್ ಸ್ಟಾಪನ್ನು ಸ್ಪ್ರಿಂಗ್ ಜೊತೆ ಬಂದ ಕಾಗದದಲ್ಲಿ ಹೇಳಿದಷ್ಟೇ ಕತ್ತರಿಸಿ. ಕಾಗದದಲ್ಲಿ ಹೇಳಿಲ್ಲದಿದ್ದರೆ ಮುಟ್ಟಬೇಡಿ.

ಎಲ್ಲರೂ ತಪ್ಪುವ ಜಾಗ

ಈಗ ಬುಷ್ ವಿಷಯ. ರಬ್ಬರ್ ಬುಷ್‌ನ ಒಳಗೊಂದು ಉಕ್ಕಿನ ಕೊಳವೆ, ಹೊರಗೊಂದು ಉಕ್ಕಿನ ಬಳೆ. ನಡುವೆ ಎರಡಕ್ಕೂ ಅಂಟಿಕೊಂಡ ರಬ್ಬರು. ಬೋಲ್ಟ್ ಬಿಗಿದಾಗ ಒಳಗಿನ ಕೊಳವೆ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಆರ್ಮ್ ಮೇಲೆ ಕೆಳಗೆ ಆಡಿದಾಗ ಏನೂ ಜಾರುವುದಿಲ್ಲ, ರಬ್ಬರು ತಿರುಚಿಕೊಳ್ಳುತ್ತದೆ. ಅಂದರೆ ಯಾವ ಸ್ಥಿತಿಯಲ್ಲಿ ಬೋಲ್ಟ್ ಬಿಗಿಯುತ್ತೀರೋ ಅದೇ ರಬ್ಬರಿಗೆ ವಿಶ್ರಾಂತಿಯ ಸ್ಥಿತಿ.

ಲಿಫ್ಟಿನ ಮೇಲೆ ಚಕ್ರ 90 ಮಿ.ಮೀ. ಜೋತುಬಿದ್ದಾಗ ಬಿಗಿದಿರಿ ಅಂದುಕೊಳ್ಳಿ. ಒಂದಡಿ ಉದ್ದದ ಆರ್ಮ್ ಆದರೆ, ಕಾರು ಕೆಳಗಿಳಿದ ಕೂಡಲೇ ರಬ್ಬರು ಸುಮಾರು 17 ಡಿಗ್ರಿ ತಿರುಚಿಕೊಳ್ಳುತ್ತದೆ. ಕಾರು ಸುಮ್ನೆ ನಿಂತಿದ್ದರೂ ಆ ತಿರುಚು ಬಿಡುವುದಿಲ್ಲ. ಅದರ ಮೇಲೆ ಗುಂಡಿ, ಹಂಪು ಎಲ್ಲ ಬೀಳುತ್ತವೆ. ಕೆಲವೇ ತಿಂಗಳಿಗೆ ರಬ್ಬರು ಹರಿಯುತ್ತದೆ.

‘ನಾವು ಆ ಬೋಲ್ಟ್ ಮುಟ್ಟೇ ಇಲ್ಲ’ ಅಂತ ಕೆಲವರು ಹೇಳುತ್ತಾರೆ. ಅದೂ ಸರಿಯಲ್ಲ. ಅದು ಬಿಗಿದಿರುವುದು ಹಳೆಯ ಎತ್ತರಕ್ಕೆ. ಈಗ ಕಾರು 30 ಮಿ.ಮೀ. ತಗ್ಗಿದೆ, ಅಂದರೆ ಯಾವಾಗಲೂ ಸುಮಾರು 6 ಡಿಗ್ರಿ ತಿರುಚು ಇದ್ದೇ ಇರುತ್ತದೆ. ಆದ್ದರಿಂದ ಮುಂದೆ ಲೋವರ್ ಆರ್ಮ್ ಬೋಲ್ಟ್, ಹಿಂದೆ ಬೀಮ್ ಬುಷ್ ಬೋಲ್ಟ್ ಮತ್ತು ಶಾಕ್‌ನ ಕೆಳಗಿನ ಬೋಲ್ಟ್, ಇಷ್ಟನ್ನೂ ಸಡಿಲಿಸಿ ಹೊಸ ಎತ್ತರದಲ್ಲೇ ಮತ್ತೆ ಬಿಗಿಯಬೇಕು. ಸ್ಟ್ರಟ್‌ನ ಕಚ್ಚಿನ ಬೋಲ್ಟನ್ನೂ ಮೇಲಿನ ನಟ್ಟನ್ನೂ ಲಿಫ್ಟಿನಲ್ಲೇ ಬಿಗಿದರೆ ತೊಂದರೆ ಇಲ್ಲ.

ಮಾಡುವ ಕ್ರಮ ಹೀಗೆ. ಈ ಬೋಲ್ಟುಗಳನ್ನು ಆಟ ಇಲ್ಲದಷ್ಟು ಮಾತ್ರ ಕೂರಿಸಿ. ಚಕ್ರ ಹಾಕಿ ಕಾರು ಇಳಿಸಿ. ಗ್ಯಾರೇಜಿನೊಳಗೇ ಹಿಂದೆ ಮುಂದೆ ತಳ್ಳಿ, ಬಾನೆಟ್ ಕಡೆ, ಡಿಕ್ಕಿ ಕಡೆ ನಾಲ್ಕೈದು ಸಲ ಒತ್ತಿ ಕುಲುಕಿ. ಚಕ್ರದ ನಡುವಿನಿಂದ ಫೆಂಡರ್‌ವರೆಗೆ ಮತ್ತೆ ಅಳೆಯಿರಿ. ಇಳಿದು ಕೆಲಸ ಮಾಡುವ ಗುಂಡಿ ಇರುವ ಗ್ಯಾರೇಜಾದರೆ ಕಾರನ್ನು ಅದರ ಮೇಲೆ ನಿಲ್ಲಿಸಿ ಕೆಳಗಿನಿಂದ ಬಿಗಿಯಬಹುದು. ಇಲ್ಲದಿದ್ದರೆ ಲಿಫ್ಟಿನಲ್ಲಿ ಎತ್ತಿ, ಬಾಲ್ ಜಾಯಿಂಟ್ (ಆರ್ಮ್ ಚಕ್ರದ ಕಡೆ ಸೇರುವ ಕೀಲು) ಕೆಳಗೆ ಜಾಕ್ ಕೊಟ್ಟು, ಆ ಅಳತೆ ಬರುವವರೆಗೆ ಚಕ್ರವನ್ನು ಮೇಲಕ್ಕೆ ತಂದು ಬಿಗಿಯಬೇಕು. ಇದಕ್ಕಿಂತ ಅಗ್ಗದ ದಾರಿಯೊಂದಿದೆ. ಅಲೈನ್‌ಮೆಂಟ್ ಅಂಗಡಿಯ ನಾಲ್ಕು ಕಂಬದ ಲಿಫ್ಟಿನಲ್ಲಿ ಕಾರು ತನ್ನ ಚಕ್ರದ ಮೇಲೇ ನಿಂತಿರುತ್ತದೆ. ಹೇಗಿದ್ದರೂ ಅಲೈನ್‌ಮೆಂಟ್ ಮಾಡಿಸಲೇಬೇಕು. ಗ್ಯಾರೇಜಿನಲ್ಲೇ ಆ ಲಿಫ್ಟ್ ಇದ್ದರೆ ಎರಡೂ ಒಟ್ಟಿಗೆ ಮುಗಿಯುತ್ತದೆ.

ಬಿಗಿಯುವುದು ಟಾರ್ಕ್ ರೆಂಚಿನಲ್ಲೇ (ಎಷ್ಟು ಬಲ ಬಿತ್ತು ಅಂತ ತೋರಿಸುವ ರೆಂಚಿನಲ್ಲೇ) ಆಗಬೇಕು. ಫೋಕ್ಸ್‌ವ್ಯಾಗನ್ ಎಷ್ಟೋ ಬೋಲ್ಟಿಗೆ ಇಷ್ಟು ನ್ಯೂಟನ್ ಮೀಟರ್, ಆಮೇಲೆ ಇನ್ನೂ 90 ಡಿಗ್ರಿ ಅಂತ ಹೇಳುತ್ತದೆ. ಅಂಥ ಬೋಲ್ಟ್ ಒಮ್ಮೆ ಹಿಗ್ಗಿದರೆ ಮುಗಿಯಿತು, ಎರಡನೇ ಸಲಕ್ಕೆ ಬಾರದು. ಹೊಸ ಬೋಲ್ಟ್, ಹೊಸ ಲಾಕ್ ನಟ್ ತಂದುಕೊಡಿ. ಒಟ್ಟು ಖರ್ಚಿನಲ್ಲಿ ಇದು ತೀರಾ ಸಣ್ಣ ಭಾಗ.

ಈ ಹಂತದಲ್ಲಿ ನೀವೇ ಪಕ್ಕದಲ್ಲಿ ನಿಂತಿರಿ. ‘ಅಣ್ಣಾ, ಬುಷ್ ಬೋಲ್ಟು ಮಾತ್ರ ಕಾರು ಇಳಿಸಿದ ಮೇಲೇ ಬಿಗೀರಿ’ ಅಂತ ಕೆಲಸ ಶುರುವಾಗುವ ಮೊದಲೇ ಹೇಳಿ. ಕೆಲಸ ಗೊತ್ತಿರುವವರು ಕೂಡಲೇ ಒಪ್ಪುತ್ತಾರೆ. ‘ಹಂಗೆಲ್ಲ ಏನೂ ಬೇಡ’ ಅಂದರೆ ಬೇರೆ ಗ್ಯಾರೇಜಿಗೆ ಹೋಗಿ.

ಆಮೇಲೆ

ಅಲೈನ್‌ಮೆಂಟ್ ಎರಡು ಸಲ ಬೇಕು. ಅದೇ ದಿನ ಒಂದು, ಸ್ಪ್ರಿಂಗ್ ಕೂತ ಮೇಲೆ ಸುಮಾರು 500 ಕಿ.ಮೀ.ಗೆ ಇನ್ನೊಂದು. ಕಾರು ತಗ್ಗಿದಾಗ ಚಕ್ರದ ಮೇಲ್ಭಾಗ ಸ್ವಲ್ಪ ಒಳಕ್ಕೆ ವಾಲುತ್ತದೆ. ಈ ವಾಲುವಿಕೆಗೆ ಕ್ಯಾಂಬರ್ ಅನ್ನುತ್ತಾರೆ. ಅಲೈನ್‌ಮೆಂಟ್ ಪ್ರಿಂಟಿನ ಕ್ಯಾಂಬರ್ ಜಾಗದಲ್ಲಿ ಕೆಂಪು ಬಂತು ಅಂತ ಅದನ್ನು ಸರಿಪಡಿಸುವ ಕಿಟ್ ಮಾರಲು ಬಂದರೆ ಗಾಬರಿಯಾಗಬೇಡಿ. ಎಡ ಬಲ ಹೆಚ್ಚುಕಡಿಮೆ ಒಂದೇ ಇದ್ದರೆ ಸಾಕು. ಟೈರಿನ ಒಳಅಂಚನ್ನು ಜಾಸ್ತಿ ತಿನ್ನುವುದು ತಪ್ಪಾದ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ). ಟೋ ಸರಿಯಾಗಿರುವ ಪ್ರಿಂಟ್ ಕೈಗೆ ಬರುವವರೆಗೆ ಅಲ್ಲಿಂದ ಹೊರಡಬೇಡಿ. ರಾತ್ರಿ ಗೋಡೆಯೆದುರು ನಿಲ್ಲಿಸಿ ಹೆಡ್‌ಲೈಟಿನ ಮಟ್ಟವನ್ನೂ ನೋಡಿ.

ಹಳೆಯ ಸ್ಪ್ರಿಂಗುಗಳಿಗೆ ಎಣ್ಣೆ ಒರೆಸಿ, ಗೋಣಿಯಲ್ಲಿ ಸುತ್ತಿ, ಮುಂದಿನದು ಹಿಂದಿನದು ಅಂತ ಚೀಟಿ ಕಟ್ಟಿ ಅಟ್ಟದ ಮೇಲಿಡಿ. ಕಾರು ಮಾರುವಾಗ ಅವು ಬೇಕಾಗುತ್ತವೆ.