ಉಪ್ಪುನೀರಿಗೆ ಬಿದ್ದ ಔಟ್‌ಬೋರ್ಡ್ ಎಂಜಿನ್: ಬಿಸಿಲಿಗಿಡಬೇಡಿ, ಸಿಹಿನೀರು ಹೊಯ್ಯಿರಿ

ದೋಣಿಯ ಹಿಂಬದಿಗೆ ಬಿಗಿಯುವ ಔಟ್‌ಬೋರ್ಡ್ ಎಂಜಿನ್ ನೀರಿಗೆ ಬಿದ್ದರೆ, ಮೇಲೆತ್ತಿದ ಕೂಡಲೇ ಬಿಸಿಲಿಗಿಟ್ಟು ಒಣಗಿಸೋಣ ಎಂದು ಯಾರಿಗೂ ಅನ್ನಿಸುತ್ತದೆ. ಎಂಜಿನ್ ಕೆಡುವುದು ಅಲ್ಲೇ. ನೀರಿನಡಿ ಇರುವಷ್ಟು ಹೊತ್ತು ತುಕ್ಕು ನಿಧಾನ. ಉಪ್ಪು ಮೆತ್ತಿದ ಉಕ್ಕಿಗೆ ಗಾಳಿ ತಾಗಿತೆಂದರೆ ಕೆಲವೇ ಗಂಟೆಗಳಲ್ಲಿ ಬೇರಿಂಗ್ ಕೆಂಪಾಗತೊಡಗುತ್ತದೆ.

ನಮ್ಮ ಭಾವನ ನಾಡದೋಣಿಯದು 9.9 ಎಚ್‌ಪಿ, ಎರಡು ಸಿಲಿಂಡರಿನ ಟು-ಸ್ಟ್ರೋಕ್ ಸೀಮೆಎಣ್ಣೆ ಎಂಜಿನ್. ಗಂಗೊಳ್ಳಿ ಬಂದರಿನ ದಕ್ಕೆಯಿಂದ ದೋಣಿಗೆ ಇಳಿಸುವಾಗ ಹಗ್ಗ ಜಾರಿ ಅದು ನೀರು ಪಾಲಾಯಿತು. ಬಾವಿಗೆ ಬಿದ್ದ ಕೊಡಪಾನ ತೆಗೆಯುವ ಪಾತಾಳಗರಡಿ ಇಳಿಬಿಟ್ಟು ಜಾಗ ಹುಡುಕಿದೆವು. ಹುಡುಗನೊಬ್ಬ ಮುಳುಗಿ ಹಗ್ಗ ಕಟ್ಟಿದ. ಮೇಲೆತ್ತುವ ಮುಂಚೆಯೇ ನಾನು ಅಂಗಳದ ಡ್ರಮ್ಮಿಗೆ ಬಾವಿನೀರು ತುಂಬಿಸಿ, ಸ್ಪ್ಯಾನರ್, ಹೊಸ ಸ್ಪಾರ್ಕ್ ಪ್ಲಗ್, ಮೆಥಿಲೇಟೆಡ್ ಸ್ಪಿರಿಟ್, ಎಣ್ಣೆ ಎಲ್ಲ ಜೋಡಿಸಿಟ್ಟುಕೊಂಡಿದ್ದೆ.

“ಇವತ್ತು ಬಿಸಿಲು ಕಾಯ್ಲಿ ಮಾರಾಯ, ನಾಳೆ ನೋಡುವ” ಎಂದರು ಭಾವ.

“ನಾಳೆಗೆ ಬಿಟ್ಟರೆ ಬೇರಿಂಗ್ ಹೋಯ್ತು ಭಾವ. ಇವತ್ತೇ ಓಡಿಸಬೇಕು.”

ಬೀಳುವಾಗ ಎಂಜಿನ್ ಓಡುತ್ತಿರಲಿಲ್ಲ, ಅದೇ ದೊಡ್ಡ ಪುಣ್ಯ. ಓಡುತ್ತಲೇ ಮುಳುಗಿದರೆ ಸಿಲಿಂಡರಿಗೆ ನೀರು ನುಗ್ಗುತ್ತದೆ. ಒತ್ತಿದರೆ ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲವಾದ್ದರಿಂದ ಪಿಸ್ಟನ್ನಿನ ಕನೆಕ್ಟಿಂಗ್ ರಾಡೇ ಬಾಗಬಹುದು. ಅಂಥ ಎಂಜಿನ್ ತಿರುಗದೆ ಬಿಗಿಹಿಡಿದರೆ ಸ್ಟಾರ್ಟರ್ ಹಗ್ಗ ಜಗ್ಗಬಾರದು, ಬಿಚ್ಚಿಯೇ ನೋಡಬೇಕು.

ಮುಚ್ಚಳ ತೆಗೆದು ಒಳಗೂ ಹೊರಗೂ ಸಿಹಿನೀರು ಹೊಯ್ದು ತೊಳೆದೆ. ಪ್ಲಗ್ ಎರಡನ್ನೂ ಬಿಚ್ಚಿ, ತೂತು ಕೆಳಮುಖ ಆಗುವಂತೆ ಮಲಗಿಸಿ, ಎಂಜಿನ್ ನೆತ್ತಿಯ ಚಕ್ರವಾದ ಫ್ಲೈವೀಲನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸಿದೆ. ಬಳಕ್ ಬಳಕ್ ಎಂದು ಕಂದು ನೀರು ಬಂತು. ಈ ಹೊತ್ತಿಗೆ ಕಿವಿ ಎಂಜಿನ್ ಮೇಲೇ ಇರಬೇಕು. ಕರಕರ ಸದ್ದು ಕೇಳಿಸಿದರೆ ಒಳಗೆ ಮರಳು ಸೇರಿದೆ ಎಂದು ಅರ್ಥ. ಇನ್ನೊಂದು ಸುತ್ತು ತಿರುಗಿಸಿದರೂ ಸಿಲಿಂಡರಿನಲ್ಲಿ ಗೀರು ಬೀಳುತ್ತದೆ. ನಮ್ಮದರಲ್ಲಿ ಸದ್ದಿರಲಿಲ್ಲ.

ನೀರು ನಿಂತ ಮೇಲೆ ಪ್ಲಗ್ ತೂತಿಗೂ ಕಾರ್ಬ್ಯುರೇಟರ್ ಬಾಯಿಗೂ ಸ್ಪಿರಿಟ್ ಹಾಕಿ ಮತ್ತೆ ತಿರುಗಿಸಿದೆ. ಉಳಿದ ತೇವವನ್ನು ಸ್ಪಿರಿಟ್ ತನ್ನಲ್ಲಿ ಕರಗಿಸಿಕೊಂಡು ಹೊರತರುತ್ತದೆ. ಅದರ ಆವಿಗೆ ಕಿಡಿ ತಾಗಬಾರದು, ಹಾಗಾಗಿ ಸ್ಟಾಪ್ ಸ್ವಿಚ್ಚಿನ ಕ್ಲಿಪ್ ಮೊದಲೇ ಕಿತ್ತಿದ್ದೆ. ಆಮೇಲೆ ಟು-ಸ್ಟ್ರೋಕ್ ಎಣ್ಣೆ ಬಿಟ್ಟು ತಿರುಗಿಸಿದೆ. ಎಣ್ಣೆ ಬೇರಿಂಗಿಗೆ ಮುಟ್ಟಿತೆಂದರೆ ಅರ್ಧ ಗೆದ್ದಂತೆ. ಅಲ್ಲಿಯವರೆಗೆ ಚಹಾಕ್ಕೂ ಏಳಬಾರದು.

ಕಾರ್ಬ್ಯುರೇಟರ್ ಬಟ್ಟಲು ಬಿಚ್ಚಿದರೆ ಸೀಮೆಎಣ್ಣೆಯ ಅಡಿಯಲ್ಲಿ ನೀರು ಮಣಿಮಣಿಯಾಗಿ ಕೂತಿತ್ತು, ಜೊತೆಗೆ ಒಂದಿಷ್ಟು ಕೆಸರು. ಇಂಧನ ಹಾಯುವ ಸಣ್ಣ ಜೆಟ್‌ಗಳನ್ನು ಪಂಕ್ಚರ್ ಅಂಗಡಿಯ ಗಾಳಿಯಲ್ಲೇ ಊದಿಸಿದೆ. ತಂತಿ ಚುಚ್ಚಿದರೆ ತೂತು ದೊಡ್ಡದಾಗುತ್ತದೆ. ಪುಲ್ಲರ್ ಹಾಕಿ ಫ್ಲೈವೀಲ್ ಎತ್ತಿ, ಕಾಯಿಲ್ ಸುತ್ತ ಸೇರಿದ್ದ ಉಪ್ಪನ್ನೂ ತೊಳೆದು ಗಾಳಿ ಹೊಡೆಸಿದೆ. ವೈರ್ ಕನೆಕ್ಟರ್‌ಗಳನ್ನು ಒಂದೊಂದಾಗಿ ಬಿಡಿಸಿ ಒಣಗಿಸಿದ್ದು ಬೇಜಾರಿನ ಕೆಲಸ, ಆದರೆ ಅದನ್ನು ಬಿಟ್ಟರೆ ತಿಂಗಳು ಕಳೆದ ಮೇಲೆ ನಡುನೀರಿನಲ್ಲಿ ಎಂಜಿನ್ ಕೈಕೊಡುತ್ತದೆ. ಟ್ಯಾಂಕಿನ ಹಳೆಯ ಸೀಮೆಎಣ್ಣೆ ಬಳಸಲಿಲ್ಲ.

ಎಂಜಿನನ್ನು ಡ್ರಮ್ಮಿನ ಅಂಚಿಗೆ ಬಿಗಿದೆ. ನೀರಿಲ್ಲದೆ ಓಡಿಸಿದರೆ ತಂಪು ನೀರೆತ್ತುವ ಪಂಪಿನ ರಬ್ಬರ್ ಇಂಪೆಲ್ಲರ್ ನಿಮಿಷದೊಳಗೆ ಸುಟ್ಟುಹೋದೀತು. ಹೊಸ ಪ್ಲಗ್ ಹಾಕಿ, ಲೀಟರ್ ಪೆಟ್ರೋಲಿಗೆ 40 ಮಿಲಿ ಟು-ಸ್ಟ್ರೋಕ್ ಎಣ್ಣೆ ಬೆರೆಸಿ ಕೊಟ್ಟೆ; ಸೀಮೆಎಣ್ಣೆ ಎಂಜಿನ್ನಾದರೂ ಸ್ಟಾರ್ಟ್ ಮಾಡುವುದು ಪೆಟ್ರೋಲಿನಲ್ಲೇ. ಹಗ್ಗ ಎಳೆದೂ ಎಳೆದೂ ಭುಜ ಸೋತ ಮೇಲೆ ಬಿಳಿ ಹೊಗೆ ಕಾರುತ್ತಾ ಹಿಡಿಯಿತು. ತಂಪು ನೀರು ಸಣ್ಣ ತೂತಿನಿಂದ ಚಿಮ್ಮುವುದನ್ನು ನೋಡಿಕೊಂಡು, ಡ್ರಮ್ಮಿನ ನೀರು ಬಿಸಿಯಾದಾಗ ಬದಲಿಸುತ್ತಾ, ಸುಮಾರು ಒಂದು ಗಂಟೆ ನಿಧಾನವಾಗಿ ಓಡಿಸಿದೆ. ಕ್ರ್ಯಾಂಕ್‌ಕೇಸಿನ ಕೊನೆಯ ತೇವ ಹೋಗುವುದು ಆ ಕಾವಿಗೇ.

ಕೊನೆಗೆ ಗೇರ್ ಎಣ್ಣೆಯ ಕೆಳಗಿನ ಸ್ಕ್ರೂ ಬಿಚ್ಚಿದೆ. ಎಣ್ಣೆ ಹಾಲು ಬೆರೆಸಿದಂತೆ ಬೆಳ್ಳಗಿತ್ತು. ಸೀಲ್ ಮೊದಲೇ ಸವೆದು ನೀರು ಎಳೆಯುತ್ತಿದ್ದಿರಬೇಕು. ಸೀಲೂ ಎಣ್ಣೆಯೂ ಬದಲಾದ ಮೇಲೆಯೇ ಎಂಜಿನ್ ದೋಣಿಗೆ ಹೋಯಿತು.