ಫ್ಲೋರೋಕಾರ್ಬನ್ ಲೈನ್: ನಾನು ಆರಿಸುವ ಬಗೆ, ಹದ ಮಾಡುವ ಬಗೆ

ಫ್ಲೋರೋಕಾರ್ಬನ್ ಲೈನ್ ಅಂದ ಕೂಡಲೇ ಗಾಳ ಹಾಕುವವರ ಬಾಯಲ್ಲಿ ಬರುವ ದೂರುಗಳು ಗೊತ್ತಿರುವಂಥವೇ. ಸುರುಳಿ ಸುರುಳಿಯಾಗಿ ಬರುತ್ತದೆ, ಎಸೆದರೆ ಸಿಕ್ಕಾಗುತ್ತದೆ, ಗಂಟಿನ ಹತ್ತಿರ ಪಟ್ಟನೆ ತುಂಡಾಗುತ್ತದೆ. ದೂರು ಸುಳ್ಳಲ್ಲ. ಆದರೆ ಅದರಲ್ಲಿ ಬಹುಪಾಲು ಲೈನಿನ ತಪ್ಪಲ್ಲ. ರೀಲಿಗೆ ಒಗ್ಗದಷ್ಟು ದಪ್ಪ ಲೈನ್ ತಂದು, ಡಬ್ಬಿಯಿಂದ ತೆಗೆದ ಹಾಗೇ ಸುತ್ತಿ, ತಕ್ಷಣ ನೀರಿಗೆ ಎಸೆದರೆ ಯಾವ ಕಂಪನಿಯ ಲೈನಾದರೂ ಹಾಗೇ ಆಡುತ್ತದೆ. ನಾನು ಬಹಳ ಕಾಲದಿಂದ ಇದನ್ನೇ ಮುಖ್ಯ ಲೈನಾಗಿ ಬಳಸುತ್ತಿದ್ದೇನೆ. ಎಷ್ಟು ದಪ್ಪದ್ದು ಆರಿಸಿದಿರಿ, ಸುತ್ತುವ ಮುಂಚೆ ಮತ್ತು ಸುತ್ತಿದ ಮೇಲೆ ಏನು ಮಾಡಿದಿರಿ, ಎಲ್ಲವೂ ಅದರ ಮೇಲೇ ನಿಂತಿದೆ.

ಮೊದಲು ಇದು ಏನು ಅಂತ ತಿಳಿದಿರಬೇಕು. ಇದು ನೈಲಾನ್ ಅಲ್ಲ. ಪಿವಿಡಿಎಫ್ ಎಂಬ ಬೇರೆಯೇ ಪ್ಲಾಸ್ಟಿಕ್. ಜಪಾನಿನ ಕುರೇಹಾ ಕಂಪನಿ 1971ರಲ್ಲಿ ಇದನ್ನು ಮೀನು ಹಿಡಿಯುವ ಲೈನಾಗಿ ಹೊರತಂದಿತು. ನೀರಿನ ತೂಕವನ್ನು 1 ಅಂತ ಇಟ್ಟುಕೊಂಡರೆ, ಅಷ್ಟೇ ಗಾತ್ರದ ನೈಲಾನ್ ಸುಮಾರು 1.14, ಇದು ಸುಮಾರು 1.78. ಅದಕ್ಕೇ ಬೇಗ ಮುಳುಗುತ್ತದೆ. ನೈಲಾನ್ ನೀರು ಕುಡಿದು ಮೆತ್ತಗಾಗುತ್ತದೆ, ಸ್ವಲ್ಪ ಬಲವನ್ನೂ ಕಳೆದುಕೊಳ್ಳುತ್ತದೆ. ಫ್ಲೋರೋಕಾರ್ಬನ್ ನೀರನ್ನು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ ಅನ್ನಬಹುದು. ದಿನವಿಡೀ ನೆನೆದರೂ ಅದರ ಬಲ ಹಾಗೇ ಇರುತ್ತದೆ. ಆದರೆ ಇದೇ ಕಾರಣಕ್ಕೆ ತಣ್ಣೀರಿನಲ್ಲಿ ಎಷ್ಟು ಹೊತ್ತು ನೆನೆಸಿಟ್ಟರೂ ಇದು ಮೆತ್ತಗಾಗುವುದಿಲ್ಲ. ಇದನ್ನು ಹದಕ್ಕೆ ತರುವುದು ಬಿಸಿ, ನೀರಲ್ಲ.

ನೀರಿನಲ್ಲಿ ಕಾಣುವುದೇ ಇಲ್ಲ ಅನ್ನುವ ಮಾತನ್ನು ಪೂರ್ತಿ ನಂಬಬೇಡಿ. ಬೆಳಕನ್ನು ಬಾಗಿಸುವ ಲೆಕ್ಕದಲ್ಲಿ ನೀರು 1.33, ಫ್ಲೋರೋಕಾರ್ಬನ್ 1.42, ನೈಲಾನ್ ಸುಮಾರು 1.53. ಅಂದರೆ ನೈಲಾನಿಗಿಂತ ಕಡಿಮೆ ಕಾಣುತ್ತದೆ, ಅಷ್ಟೇ. ನಾನು ಇದನ್ನು ಬಳಸುವುದು ಬೇರೆ ಕಾರಣಕ್ಕೆ. ಕಲ್ಲಿಗೆ, ಮುಳುಗಿದ ಮರಕ್ಕೆ ಉಜ್ಜಿದರೆ ತಡೆದುಕೊಳ್ಳುತ್ತದೆ. ಲೈನ್ ಸ್ವಲ್ಪ ಸಡಿಲವಿದ್ದಾಗಲೂ ಮೀನು ಮುಟ್ಟಿದ್ದು ಕೈಗೆ ಗೊತ್ತಾಗುತ್ತದೆ. ತಳದಲ್ಲಿ ಎಳೆಯುವ ಗಾಳಕ್ಕೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ನೀರಿನ ಮೇಲೆ ತೇಲಿಸುವ ಲೂರ್ (ಮೀನನ್ನು ಸೆಳೆಯುವ ಕೃತಕ ಎರೆ) ಇದ್ದರೆ ಮಾತ್ರ ಇದು ಬೇಡವೇ ಬೇಡ. ಮುಳುಗುವ ಲೈನ್ ಲೂರಿನ ಮೂತಿಯನ್ನು ಕೆಳಗೆ ಎಳೆದು ಅದರ ಆಟವನ್ನೇ ಕೆಡಿಸುತ್ತದೆ.

ಇನ್ನು ಆಯ್ಕೆ. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವ ಪೌಂಡ್ ಅನ್ನು, ಅಂದರೆ ಲೈನ್ ಎಷ್ಟು ಭಾರ ತಡೆಯುತ್ತದೆ ಅನ್ನುವುದನ್ನು, ನಾನು ಕೊನೆಗೆ ನೋಡುತ್ತೇನೆ. ಮೊದಲು ನೋಡುವುದು ಮಿಲಿಮೀಟರ್. 10 ಪೌಂಡ್ ಅಂತ ಬರೆದ ಎರಡು ಲೈನ್‌ಗಳು ಒಂದೇ ದಪ್ಪ ಇರಬೇಕೆಂದೇನಿಲ್ಲ. ಆದರೆ ರೀಲಿನ ಮೇಲೆ ಹೇಗೆ ಕೂರುತ್ತದೆ, ಎಷ್ಟು ಸೆಟೆದು ನಿಲ್ಲುತ್ತದೆ ಅನ್ನುವುದನ್ನು ತೀರ್ಮಾನಿಸುವುದು ದಪ್ಪವೇ. ಜಪಾನಿನ ಲೈನ್‌ಗಳಲ್ಲಿ 'ಗೋ' ಎಂಬ ಅಳತೆ ಇರುತ್ತದೆ. 1 ಗೋ ಅಂದರೆ 0.165 ಮಿ.ಮೀ., 2 ಗೋ 0.235, 3 ಗೋ 0.285. ಈ ಮೂರು ನೆನಪಿದ್ದರೆ ಸಾಕು. ಸ್ಪಿನ್ನಿಂಗ್ ರೀಲಿಗೆ (ಇದರಲ್ಲಿ ಲೈನ್ ಸುತ್ತುವ ಉರುಳೆ, ಅಂದರೆ ಸ್ಪೂಲ್, ಎಸೆಯುವಾಗ ತಿರುಗುವುದಿಲ್ಲ) ನಾನು 0.20ರಿಂದ 0.235ರ ಒಳಗೇ ಇರುತ್ತೇನೆ. ಅದಕ್ಕಿಂತ ದಪ್ಪವಾದರೆ ಲೈನ್ ಸ್ಪೂಲಿನಿಂದ ತಾನೇ ಚಿಮ್ಮುತ್ತದೆ. ಬೇಟ್‌ಕಾಸ್ಟಿಂಗ್ ರೀಲಿನಲ್ಲಿ ಸ್ಪೂಲೇ ತಿರುಗುವುದರಿಂದ 0.285, ಅದಕ್ಕೂ ಸ್ವಲ್ಪ ಮೇಲೆ ಹೋದರೂ ತೊಂದರೆಯಿಲ್ಲ.

ಇನ್ನೆರಡು ಗಮನಿಸಿ. ಲೀಡರ್‌ಗೆಂದೇ (ಮುಖ್ಯ ಲೈನಿಗೂ ಗಾಳಕ್ಕೂ ನಡುವೆ ಕಟ್ಟುವ ತುಂಡು) ಮಾಡಿದ ಫ್ಲೋರೋಕಾರ್ಬನ್ ಸಾಮಾನ್ಯವಾಗಿ ಗಡುಸು. ಅದನ್ನು ತಂದು ರೀಲ್ ತುಂಬಾ ಸುತ್ತಬಾರದು. ಇನ್ನೊಂದು, ನೈಲಾನಿಗೆ ಮೇಲಿಂದ ಫ್ಲೋರೋಕಾರ್ಬನ್ ಲೇಪಿಸಿದ ಲೈನ್‌ಗಳೂ ಇವೆ. ಕೆಟ್ಟವಲ್ಲ, ಆದರೆ ಅವುಗಳ ಗುಣವೇ ಬೇರೆ. '100 ಪರ್ಸೆಂಟ್' ಅಂತ ಬರೆದಿದೆಯಾ ನೋಡಿಕೊಳ್ಳಿ.

ಸುತ್ತುವ ಕೆಲಸಕ್ಕೆ ಬರೋಣ. ಹೊಸ ಲೈನ್ ಇರುವ ಸ್ಪೂಲನ್ನು ನಾನು ಮೊದಲು ಬಿಸಿನೀರಿನಲ್ಲಿ ಮುಳುಗಿಸಿಡುತ್ತೇನೆ. ಕುದಿಯುವ ನೀರಲ್ಲ. ಕೈ ಇಟ್ಟರೆ ಚುರುಕ್ ಅನ್ನದೆ ತಡೆದುಕೊಳ್ಳುವಷ್ಟು ಬಿಸಿ. ಕಾಲು ಗಂಟೆ ಸಾಕು. ಹೊರತೆಗೆದು ಒಂದು ಮೊಳ ಎಳೆದು ನೋಡಿ, ಮೊದಲು ಉಂಗುರ ಉಂಗುರವಾಗಿ ಕೂತಿದ್ದ ಲೈನ್ ಈಗ ಉದ್ದಕ್ಕೆ ಅಲೆಯಂತೆ ಬಿದ್ದುಕೊಳ್ಳುತ್ತದೆ. ಆ ಬಿಸಿ ಆರುವ ಮೊದಲೇ ರೀಲಿಗೆ ಸುತ್ತಬೇಕು. ಬೇಟ್‌ಕಾಸ್ಟಿಂಗ್ ರೀಲಿನ ಸ್ಪೂಲನ್ನೇ ನೀರಿಗೆ ಹಾಕುವವರಿದ್ದಾರೆ. ನಾನು ಹಾಕುವುದಿಲ್ಲ, ಬೇರಿಂಗಿನ ಎಣ್ಣೆ ತೊಳೆದುಹೋಗುತ್ತದೆ.

ಸ್ಪೂಲಿನ ತಳಕ್ಕೆ ಸ್ವಲ್ಪ ನೈಲಾನ್ ಸುತ್ತಿ, ಅದರ ಮೇಲೆ ಫ್ಲೋರೋಕಾರ್ಬನ್ ಕಟ್ಟುತ್ತೇನೆ. ಬರಿಯ ಲೋಹದ ಮೇಲೆ ಇದು ಜಾರುತ್ತದೆ. ಅಲ್ಲದೆ ಅಡಿಯಲ್ಲಿರುವ ಲೈನ್ ನೀರನ್ನೇ ಕಾಣುವುದಿಲ್ಲ, ದುಬಾರಿ ಲೈನನ್ನು ಅಲ್ಲಿ ಸುಮ್ನೆ ಯಾಕೆ ಹಾಳು ಮಾಡಬೇಕು, ಅಲ್ವಾ?

ಸುತ್ತುವಾಗ ಲೈನಿನ ಬಾಗು ಯಾವ ಕಡೆಗಿದೆಯೋ ಅದೇ ಕಡೆಗೆ ರೀಲಿನ ಮೇಲೂ ಕೂರಬೇಕು. ಬೇಟ್‌ಕಾಸ್ಟಿಂಗ್ ಆದರೆ ಹೊಸ ಸ್ಪೂಲಿಗೆ ಪೆನ್ಸಿಲ್ ತೂರಿಸಿ ತಿರುಗಲು ಬಿಡುತ್ತೇನೆ. ಸ್ಪಿನ್ನಿಂಗ್ ಆದರೆ ಸ್ಪೂಲನ್ನು ಲೇಬಲ್ ಮೇಲೆ ಬರುವಂತೆ ನೆಲಕ್ಕೆ ಮಲಗಿಸಿ, ಇಪ್ಪತ್ತು ಸುತ್ತು ಸುತ್ತಿ ನಿಲ್ಲಿಸಿ, ಲೈನನ್ನು ಸಡಿಲ ಬಿಡುತ್ತೇನೆ. ಸುಮ್ಮನೆ ಬಿದ್ದುಕೊಂಡರೆ ಸರಿ. ತನ್ನನ್ನೇ ತಾನು ಹೆಣೆದುಕೊಂಡರೆ ಸ್ಪೂಲನ್ನು ಮಗುಚಿ ಹಾಕಬೇಕು. ಈ ಒಂದು ನಿಮಿಷದ ಕೆಲಸವನ್ನು ಬಿಟ್ಟವರು ಆಮೇಲೆ ಇಡೀ ದಿನ ಸಿಕ್ಕು ಬಿಡಿಸುತ್ತಾ ಕೂರುತ್ತಾರೆ.

ಸುತ್ತುತ್ತಿರುವಷ್ಟು ಹೊತ್ತೂ ಲೈನ್ ಒದ್ದೆ ಬಟ್ಟೆಯ ಒಳಗಿನಿಂದ ಹಾಯಬೇಕು. ಹೆಬ್ಬೆರಳು, ತೋರುಬೆರಳ ನಡುವೆ ಬಟ್ಟೆ ಮಡಚಿ ಹಿಡಿದು ಒಂದೇ ಸಮ ಬಿಗಿ ಕೊಡುತ್ತೇನೆ. ಒಣ ಬೆರಳಲ್ಲಿ ಹಿಡಿದರೆ ಉಜ್ಜಿ ಕಾವೇರುತ್ತದೆ, ಆ ಕಾವು ಒಂದೇ ಜಾಗದಲ್ಲಿ ನಿಂತು ಲೈನ್ ಕೆಡುತ್ತದೆ. ಬಿಗಿ ಸಾಲದಿದ್ದರೆ ಮೇಲಿನ ಸುತ್ತು ಕೆಳಗಿನದರೊಳಗೆ ಹೂತುಕೊಳ್ಳುತ್ತದೆ. ಸ್ಪೂಲಿನ ಅಂಚಿಗೆ 3 ಮಿ.ಮೀ. ಇರುವಾಗಲೇ ನಿಲ್ಲಿಸಿ. ಸ್ಪಿನ್ನಿಂಗ್ ರೀಲಿನಲ್ಲಿ ಲೈನ್ ಇನ್ನೂ ಸ್ವಲ್ಪ ಕಡಿಮೆಯೇ ಇರಲಿ. ದೂರಕ್ಕೆ ಹೋಗಲಿ ಅಂತ ಅಂಚಿನವರೆಗೆ ತುಂಬುವುದು ಬ್ರೇಡ್‌ಗೆ (ಎಳೆಗಳನ್ನು ಹೆಣೆದು ಮಾಡಿದ ಲೈನ್) ನಡೆಯುತ್ತದೆ, ಇದಕ್ಕೆ ನಡೆಯುವುದಿಲ್ಲ.

ನಂತರ ಲೈನ್ ಕಂಡೀಷನರ್, ಅಂದರೆ ಲೈನನ್ನು ನುಣುಪಾಗಿಡುವ ದ್ರವ. ಸಿಲಿಕೋನ್ ಇರುವ ಸ್ಪ್ರೇ ನನಗೆ ಒಗ್ಗಿದೆ. ಮೀನಿಗೆ ಹೋಗುವ ಹಿಂದಿನ ರಾತ್ರಿ ಸ್ಪೂಲಿನ ಮೇಲೆ ಹೊಡೆದು, ಬೆರಳಿನಿಂದ ಸುತ್ತಲೂ ಸವರಿ ಬಿಟ್ಟುಬಿಡುತ್ತೇನೆ. ನೀರಿನ ಪಕ್ಕ ನಿಂತು ಹೊಡೆದು ತಕ್ಷಣ ಎಸೆದರೆ ಅರ್ಧ ನೀರಿಗೇ ಹೋಗುತ್ತದೆ. ಗಂಟು ಹಾಕುವ ಮುಂಚೆ ತುದಿಯ ಎರಡು ಅಡಿಯನ್ನು ಒರೆಸಿಕೊಳ್ಳಿ, ಜಾರುವ ಲೈನಿನಲ್ಲಿ ಗಂಟು ನಿಲ್ಲುವುದು ಕಷ್ಟ.

ಬಹಳ ದಿನ ಮೂಲೆಯಲ್ಲಿದ್ದ ರೀಲಾದರೆ, ಎಸೆಯುವಷ್ಟು ಉದ್ದ ಲೈನ್ ಬಿಚ್ಚಿ, ತುದಿಯನ್ನು ಮರಕ್ಕೆ ಕಟ್ಟಿ, ನಿಧಾನಕ್ಕೆ ಎಳೆದು ಅರ್ಧ ನಿಮಿಷ ಹಿಡಿಯುತ್ತೇನೆ. ಸುರುಳಿ ಬಿಟ್ಟುಕೊಳ್ಳುತ್ತದೆ. ಜೋರು ಬೇಡ. ಇದು ಅತಿಯಾಗಿ ಎಳೆದರೆ ರಬ್ಬರಿನ ಹಾಗೆ ವಾಪಸ್ ಬರುವುದಿಲ್ಲ, ಹಿಗ್ಗಿದಲ್ಲೇ ಸಣ್ಣಗಾಗಿ ಸೋಲುತ್ತದೆ. ಕಲ್ಲಿಗೆ ಸಿಕ್ಕಿದ ಗಾಳವನ್ನು ಬಲವಂತವಾಗಿ ಕಿತ್ತಮೇಲೆ ನಾನು ತುದಿಯ ಒಂದಷ್ಟು ಮೀಟರ್ ಕತ್ತರಿಸಿ ಬಿಸಾಡುವುದು ಇದಕ್ಕೇ. ಸಿಕ್ಕಾದಾಗ ಮಡಿಚಿದ ಜಾಗವನ್ನು ಬೆಳಕಿಗೆ ಹಿಡಿದು ನೋಡಿ. ಅಲ್ಲಿ ಬೆಳ್ಳಗೆ ಒಂದು ಚುಕ್ಕೆ ಕಂಡರೆ ಲೈನ್ ಅಲ್ಲಿ ಮುರಿದ ಹಾಗೇ ಲೆಕ್ಕ.

ಗಂಟಿಗೆ ನಾನು ನೆಚ್ಚಿಕೊಂಡಿರುವುದು ಪಾಲೋಮರ್. ಬಿಗಿಯುವ ಮೊದಲು ಎಂಜಲು ಹಚ್ಚಿ ಚೆನ್ನಾಗಿ ಒದ್ದೆ ಮಾಡಬೇಕು. ಆಮೇಲೆ ಒಂದೇ ಸಲ ಜಗ್ಗದೆ ಮೆಲ್ಲಗೆ ಎಳೆಯಬೇಕು. ಸುತ್ತುಗಳು ಒಂದರ ಪಕ್ಕ ಒಂದು ಕೂರುತ್ತಿವೆಯೇ ಅಂತ ಕಣ್ಣಿಟ್ಟಿರಿ. ಒಂದರ ಮೇಲೊಂದು ಏರಿದರೆ ಕತ್ತರಿಸಿ ಮತ್ತೆ ಹಾಕಿ. ಗಂಟಿನ ಮೇಲಿನ ಒಂದು ಅಂಗುಲ ಗುಂಗುರು ಕೂದಲಿನ ಹಾಗೆ ಸುರುಳಿಯಾಗಿದ್ದರೆ ಒಣಗಿದ್ದಾಗಲೇ ಬಿಗಿದಿದ್ದೀರಿ ಅಂತಲೇ ಅರ್ಥ. ಆ ಗಂಟನ್ನು ನಾನು ಎಂದೂ ನಂಬುವುದಿಲ್ಲ.

ಉಳಿದ ತುದಿಯನ್ನು ಲೈಟರ್‌ನಿಂದ ಸುಟ್ಟು ಗುಂಡಗೆ ಮಾಡುವ ಅಭ್ಯಾಸ ನೈಲಾನ್ ಬಳಸುವವರಲ್ಲಿ ಜಾಸ್ತಿ. ಇಲ್ಲಿ ದಯವಿಟ್ಟು ಬೇಡ. ಪಿವಿಡಿಎಫ್ ಸುಟ್ಟರೆ ಹೈಡ್ರೋಜನ್ ಫ್ಲೋರೈಡ್ ಎಂಬ ವಿಷದ ಗಾಳಿ ಬರುತ್ತದೆ. ಹಳೆಯ ಲೈನನ್ನೂ ಬೆಂಕಿಗೆ ಹಾಕಬೇಡಿ, ದಡದಲ್ಲೂ ಬಿಡಬೇಡಿ. ಅದು ಕೊಳೆಯುವುದಿಲ್ಲ, ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ. ನಾನು ಚೀಲದಲ್ಲೇ ಒಂದು ಮುಚ್ಚಳದ ಡಬ್ಬಿ ಇಟ್ಟುಕೊಂಡು ತುಂಡುಗಳನ್ನೆಲ್ಲ ಅದರಲ್ಲಿ ತುರುಕುತ್ತೇನೆ. ತುಂಬಿದ ಮೇಲೆ ಕತ್ತರಿಯಿಂದ ಗೇಣುದ್ದದೊಳಗೆ ಕತ್ತರಿಸಿ ಕಸದ ಬುಟ್ಟಿಗೆ ಹಾಕುತ್ತೇನೆ.