ಬಯೋಸ್ ಅಪ್‌ಡೇಟ್‌ಗೆ ಮುನ್ನ ಆ 48 ಅಂಕಿ ಬರೆದಿಟ್ಟುಕೊಳ್ಳಿ

ಲ್ಯಾಪ್‌ಟಾಪ್‌ನ ಮೂಲೆಯಲ್ಲಿ ‘ಬಯೋಸ್ ಅಪ್‌ಡೇಟ್ ಲಭ್ಯವಿದೆ’ ಎಂಬ ಚೀಟಿ ಆಗಾಗ ಬರುತ್ತದೆ. ತುಮಕೂರಿನ ಕಾಲೇಜು ಹುಡುಗರಲ್ಲಿ ಎರಡು ಪಂಗಡ. ಸುಮ್ನೆ ‘ಓಕೆ’ ಒತ್ತುವವರು ಕೆಲವರು, ಹೆದರಿ ವರ್ಷಗಟ್ಟಲೆ ಮುಂದೂಡುವವರು ಕೆಲವರು. ಎರಡೂ ಬೇಡ. ಅಪ್‌ಡೇಟ್ ಕೆಲಸ ಹತ್ತಿಪ್ಪತ್ತು ನಿಮಿಷದ್ದು. ಅದಕ್ಕೆ ಮುಂಚಿನ ತಯಾರಿಯೇ ನಿಜವಾದ ಕೆಲಸ.

ಪವರ್ ಬಟನ್ ಒತ್ತಿದಾಗ ವಿಂಡೋಸ್‌ಗಿಂತ ಮೊದಲು ಏಳುವ ಸಾಫ್ಟ್‌ವೇರೇ ಬಯೋಸ್. ಈಗಿನದರ ಹೆಸರು ಯುಇಎಫ್‌ಐ. ಆದರೂ ಎಲ್ಲರ ಬಾಯಲ್ಲೂ ಬಯೋಸೇ. ಅದು ಹಾರ್ಡ್‌ಡಿಸ್ಕ್‌ನಲ್ಲಿ ಇರೋದಿಲ್ಲ. ಮದರ್‌ಬೋರ್ಡ್ ಮೇಲೆ ಕಡಲೆಬೀಜಕ್ಕಿಂತ ಚಿಕ್ಕದಾದ, ಎಂಟು ಕಾಲಿನ ಒಂದು ಚಿಪ್ ಇರುತ್ತದೆ, ಸಾಮಾನ್ಯವಾಗಿ 16 ಇಲ್ಲವೇ 32 ಎಂಬಿಯದು. ಅಪ್‌ಡೇಟ್ ಅಂದರೆ ಆ ಚಿಪ್‌ನಲ್ಲಿ ಇರುವುದನ್ನು ಅಳಿಸಿ ಹೊಸದು ಬರೆಯುವುದು. ಅರ್ಧ ಬರೆದಾಗ ಪವರ್ ಹೋದರೆ ಲ್ಯಾಪ್‌ಟಾಪ್ ಏಳದೇ ಇರಬಹುದು.

ಹಾಗಾದರೆ ಮಾಡದೇ ಇದ್ದರೆ? ಮೊದಲೆಲ್ಲ ‘ಚೆನ್ನಾಗಿ ಓಡುತ್ತಿದ್ದರೆ ಮುಟ್ಟಬೇಡಿ’ ಅನ್ನುತ್ತಿದ್ದರು. ಈಗ ಆ ಮಾತು ನಡೆಯುವುದಿಲ್ಲ. 2023ರ ಡಿಸೆಂಬರ್‌ನಲ್ಲಿ ‘ಲೋಗೊಫೇಲ್’ ಎಂಬ ದೋಷಗಳ ವಿವರ ಹೊರಬಂತು. ಆನ್ ಆಗುವಾಗ ಕಾಣುವ ಕಂಪನಿ ಲೋಗೊ ಇದೆಯಲ್ಲ, ಆ ಚಿತ್ರ ಓದುವ ಕೋಡ್‌ನಲ್ಲೇ ತೂತು! ವಿಂಡೋಸ್‌ನ ಮಾಮೂಲಿ ಅಪ್‌ಡೇಟ್ ಎಷ್ಟು ಮಾಡಿದರೂ ಅಂಥದ್ದು ಮುಚ್ಚುವುದಿಲ್ಲ. ಜತೆಗೆ, ಆನ್ ಆಗುವಾಗ ನಂಬಿಕಸ್ಥ ಸಾಫ್ಟ್‌ವೇರ್ ಮಾತ್ರ ಏಳಲು ಬಿಡುವ ‘ಸೆಕ್ಯೂರ್ ಬೂಟ್‌’ಗೆ ಬಳಸುವ ಮೈಕ್ರೋಸಾಫ್ಟ್‌ನ 2011ರ ಸರ್ಟಿಫಿಕೇಟ್‌ಗಳ ಅವಧಿ 2026ರ ಜೂನ್‌ನಿಂದ ಮುಗಿಯುತ್ತಾ ಬರುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಿಗೆ ಹೊಸ ಸರ್ಟಿಫಿಕೇಟ್ ಸರಿಯಾಗಿ ಕೂರಲು ಬಯೋಸ್ ಅಪ್‌ಡೇಟ್ ಬೇಕು.

ಮೊದಲು ಸ್ಟಾರ್ಟ್‌ನಲ್ಲಿ ‘ಸಿಸ್ಟಮ್ ಇನ್ಫರ್ಮೇಶನ್’ ಎಂದು ಹುಡುಕಿ ತೆರೆಯಿರಿ. ‘ಸಿಸ್ಟಮ್ ಮಾಡೆಲ್’, ‘ಬಯೋಸ್ ವರ್ಷನ್/ಡೇಟ್’ ಎರಡೂ ಕಾಣುವಂತೆ ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆಯಿರಿ. ಆಮೇಲೆ ಕಂಪನಿಯ ಸಪೋರ್ಟ್ ಪುಟಕ್ಕೆ ಹೋಗಿ ಲ್ಯಾಪ್‌ಟಾಪ್ ಅಡಿಯಲ್ಲಿರುವ ಸೀರಿಯಲ್ ನಂಬರ್ ಹಾಕಿ. ಡೆಲ್‌ನಲ್ಲಿ ಅದಕ್ಕೆ ಸರ್ವಿಸ್ ಟ್ಯಾಗ್ ಅನ್ನುತ್ತಾರೆ. ಬರೀ ಮಾಡೆಲ್ ಹೆಸರು ನಂಬಬೇಡಿ. ಒಂದೇ ಹೆಸರಿನಲ್ಲಿ ಒಳಗಿನ ಬೋರ್ಡ್ ಬೇರೆ ಇರಬಹುದು. ಲೆನೊವೊ ವ್ಯಾಂಟೇಜ್, ಮೈಆಸುಸ್, ಎಚ್‌ಪಿ ಸಪೋರ್ಟ್ ಅಸಿಸ್ಟೆಂಟ್ ಥರದ ಕಂಪನಿಯದ್ದೇ ಆ್ಯಪ್ ಆದರೂ ಸರಿ. ‘ಎಲ್ಲಾ ಡ್ರೈವರ್ ನಾವೇ ಅಪ್‌ಡೇಟ್ ಮಾಡ್ತೀವಿ’ ಅನ್ನುವ ಬಿಟ್ಟಿ ಸಾಫ್ಟ್‌ವೇರ್ ಹತ್ತಿರ ಸುಳಿಯಬೇಡಿ. ಉಬುಂಟು ಬಳಸುವವರಿಗೆ ‘ಫರ್ಮ್‌ವೇರ್ ಅಪ್‌ಡೇಟರ್’ ಎಂಬ ಆ್ಯಪ್ ಇದೆ.

ಇನ್ನು ಜಾಸ್ತಿ ಜನ ಎಡವುವ ಜಾಗ: ಬಿಟ್‌ಲಾಕರ್, ಅಂದರೆ ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗ. ಲ್ಯಾಪ್‌ಟಾಪ್‌ನೊಳಗಿನ ಟಿಪಿಎಂ ಎಂಬ ಭದ್ರತಾ ಭಾಗ ಪ್ರತಿ ಸಲ ಆನ್ ಆದಾಗ ಬಯೋಸ್‌ನ ಗುರುತು ನೋಡಿಯೇ ಡಿಸ್ಕ್ ಬೀಗ ತೆಗೆಯಲು ಬಿಡುವುದು. ಬಯೋಸ್ ಬದಲಾದರೆ ಅದಕ್ಕೆ ಅನುಮಾನ. ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳುತ್ತದೆ. ‘ನಾನು ಬಿಟ್‌ಲಾಕರ್ ಹಾಕೇ ಇಲ್ಲ’ ಅನ್ನಬೇಡಿ. ವಿಂಡೋಸ್ ಹೋಮ್‌ನಲ್ಲೂ ‘ಡಿವೈಸ್ ಎನ್‌ಕ್ರಿಪ್ಶನ್’ ಹೆಸರಲ್ಲಿ ಅದು ತಾನಾಗಿಯೇ ಆನ್ ಆಗಿರಬಹುದು.

ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ, ‘ಡಿವೈಸಸ್’ ಅಡಿಯಲ್ಲಿ ಸಿಗುತ್ತದೆ. ಆದರೆ ಯಾರ ಖಾತೆ? ಲ್ಯಾಪ್‌ಟಾಪ್ ಕೊಂಡ ದಿನ ಅಂಗಡಿಯ ಹುಡುಗನೇ ತನ್ನ ಇಮೇಲ್ ಹಾಕಿ ಸೆಟಪ್ ಮಾಡಿಕೊಟ್ಟಿದ್ದರೆ ಕೀ ಅವನ ಖಾತೆಯಲ್ಲಿ ಕೂತಿರುತ್ತದೆ. ಕಾಲೇಜು ಇಮೇಲ್ ಆಗಿದ್ದರೆ ಕಾಲೇಜಿನ ಕಡೆ. ಇದನ್ನು ಈಗಲೇ ನೋಡಿಕೊಂಡು ಕಾಗದದಲ್ಲಿ ಬರೆದಿಡಿ. ಅದೇ ಲ್ಯಾಪ್‌ಟಾಪ್‌ನಲ್ಲಿ ಸೇವ್ ಮಾಡಿದರೆ ಉಪಯೋಗವಿಲ್ಲ, ಅಲ್ವಾ? ವಿಂಡೋಸ್ ಪ್ರೊ ಇದ್ದರೆ ಕಂಟ್ರೋಲ್ ಪ್ಯಾನೆಲ್‌ನ ಬಿಟ್‌ಲಾಕರ್ ಪುಟದಲ್ಲಿ ‘ಸಸ್ಪೆಂಡ್ ಪ್ರೊಟೆಕ್ಷನ್’ ಒತ್ತಿ. ‘ಟರ್ನ್ ಆಫ್’ ಬೇಡ, ಅದು ಇಡೀ ಡಿಸ್ಕ್ ಬಿಚ್ಚುತ್ತಾ ಗಂಟೆಗಟ್ಟಲೆ ಕೂರುತ್ತದೆ.

ಮುಖ್ಯವಾದ ಫೈಲ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಶುರು ಮಾಡಿ. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿ, ಚಾರ್ಜರ್ ಚುಚ್ಚಿಯೇ ಇರಲಿ. ಹಳೇ ಬ್ಯಾಟರಿ 40 ಪರ್ಸೆಂಟ್ ತೋರಿಸುತ್ತಲೇ ದಿಢೀರ್ ಆಫ್ ಆಗುವುದುಂಟು. ಹಾಗಾಗಿ ಮಳೆ ಗುಡುಗಿನ ಸಂಜೆ ಬೇಡ. ತೋಟದ ಮನೆಯಲ್ಲಿದ್ದರೆ ಇನ್‌ವರ್ಟರ್ ಇರುವ ಕಡೆ ಮಾಡಿ. ಪೆನ್‌ಡ್ರೈವ್, ಮೌಸ್ ತೆಗೆದು, ಕಂಪನಿಯ ಪುಟದಿಂದ ಇಳಿಸಿಕೊಂಡ ಬಯೋಸ್ ಫೈಲ್ ಓಡಿಸಿ.

ಲ್ಯಾಪ್‌ಟಾಪ್ ರೀಸ್ಟಾರ್ಟ್ ಆಗುತ್ತದೆ. ಪರ್ಸೆಂಟ್ ಪಟ್ಟಿ ಓಡುತ್ತದೆ. ಫ್ಯಾನ್ ಜೋರಾಗಿ ಕೂಗಬಹುದು. ಪರದೆ ಕಪ್ಪಾಗಿ, ಎರಡು ಮೂರು ಸಲ ತಾನೇ ಆಫ್ ಆಗಿ ಆನ್ ಆಗಬಹುದು. ಎಲ್ಲವೂ ಮಾಮೂಲಿ. ಪವರ್ ಬಟನ್ ಮುಟ್ಟಬೇಡಿ, ಮುಚ್ಚಳ ಮುಚ್ಚಬೇಡಿ. ಕೈ ತಡೆಯದವರು ಎದ್ದು ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿಂದು ಬರುವುದು ಒಳ್ಳೆಯದು.

ವಿಂಡೋಸ್ ಬಂದ ಮೇಲೆ ವರ್ಷನ್ ಬದಲಾಗಿದೆಯಾ, ಬಿಟ್‌ಲಾಕರ್ ಮತ್ತೆ ಆನ್ ಆಗಿದೆಯಾ ನೋಡಿ.

ಅರ್ಧ ಗಂಟೆ ಕಳೆದರೂ ಪರದೆ ಕಪ್ಪಾಗಿಯೇ ಇದ್ದರೆ? ಅನೇಕ ಎಚ್‌ಪಿ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಕೀ ಜತೆ ‘ಬಿ’ ಹಿಡಿದು ಪವರ್ ಒತ್ತಿದರೆ ರಿಕವರಿ ಶುರುವಾಗುತ್ತದೆ. ಡೆಲ್‌ನಲ್ಲಿ ಕಂಟ್ರೋಲ್ ಮತ್ತು ಎಸ್ಕೇಪ್ ಹಿಡಿದುಕೊಂಡು ಚಾರ್ಜರ್ ಚುಚ್ಚಬೇಕು. ಅದೂ ಆಗದಿದ್ದರೆ, ವಾರಂಟಿ ಇದ್ದವರು ಸರ್ವಿಸ್ ಸೆಂಟರ್‌ಗೆ. ಇಲ್ಲದವರು ರಿಪೇರಿ ಅಂಗಡಿಗೆ. ಮೊಬೈಲ್‌ನಲ್ಲಿರುವ ಆ ಫೋಟೊ ತೋರಿಸಿ, ಯಾವ ವರ್ಷನ್ ಹಾಕಲು ಹೋಗಿ ಎಷ್ಟು ಪರ್ಸೆಂಟ್‌ಗೆ ನಿಂತಿತು ಹೇಳಿ. ‘ಮದರ್‌ಬೋರ್ಡ್ ಹೋಗಿದೆ, ಬದಲಿಸಬೇಕು’ ಅಂದರೆ ತಕ್ಷಣ ಒಪ್ಪಬೇಡಿ. ಬಯೋಸ್ ಚಿಪ್‌ಗೆ ಪ್ರೋಗ್ರಾಮರ್ ಎಂಬ ಸಾಧನ ಹಾಕಿ ಮತ್ತೆ ಬರೆದು ನೋಡಿದ್ದೀರಾ ಎಂದು ಕೇಳಿ. ನೋಡಿಲ್ಲ ಅಂದರೆ ಇನ್ನೊಂದು ಅಂಗಡಿ ಹುಡುಕಿ.